ಮೂರನೇ ಕಾಲು

ಕೊಕ್ಕರೆ ಬೆಳ್ಳೂರಿನ ಒಂದು ಹುಣಸೆ ಮರದ ಕೆಳಗೆ ಕ್ಯಾಮೆರಾ ಎತ್ತಿ ಹಿಡಿದು ನಿಂತಿದ್ದೆ. ಮಾರ್ಚ್ ತಿಂಗಳು, ಬೆಳಗ್ಗೆ ಆರೂವರೆ. ಬಿಸಿಲು ಇನ್ನೂ ಹೆಂಚಿನ ಮೇಲೆ ಬಿದ್ದಿರಲಿಲ್ಲ. ಮರದ ತುದಿಯ ಗೂಡಿನಲ್ಲಿ ಒಂದು ಹೆಜ್ಜಾರ್ಲೆ (ಪೆಲಿಕನ್) ಮರಿ ದೊಡ್ಡ ಹಕ್ಕಿಯ ಬಾಯೊಳಗೆ ತಲೆ ತೂರಿಸಿತ್ತು. ಬರೀ ತಲೆಯಲ್ಲ, ಕುತ್ತಿಗೆವರೆಗೂ. ದೊಡ್ಡ ಹಕ್ಕಿಯ ಗಂಟಲ ಚೀಲ ಆ ಕಡೆ ಈ ಕಡೆ ಉಬ್ಬುತ್ತಿತ್ತು. ಒಳಗೆ ಮರಿ ಮೀನು ಹುಡುಕುತ್ತಿತ್ತು.

ಇಪ್ಪತ್ತು ನಿಮಿಷ ಕಾದ ಮೇಲೆ ಸಿಕ್ಕ ನೋಟ ಅದು. ಅಷ್ಟು ಹೊತ್ತೂ ಕೈ ಇಳಿಸಿರಲಿಲ್ಲ. ಇಳಿಸಿದರೆ ಆಗಲೇ ಏನಾದರೂ ಆಗಿಬಿಡುತ್ತೆ ಅನ್ನೋ ಭಯ. ಎದುರು ಮನೆಯ ಜಗಲಿ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದ ಒಬ್ಬ ಅಜ್ಜಿ ಆಗಿನಿಂದ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಕೇಳಿಯೇ ಬಿಟ್ಟರು: "ಯಾಕಪ್ಪಾ, ಕೈ ಅಂಗ್ ನಡುಗ್ತಾವಲ್ಲ? ಗ್ವಾಡೆಗಾದ್ರೂ ಒರಿಕೊಂಡ್ ತೆಗಿಬಾರ್ದಾ?"

ಅಜ್ಜಿಗೆ ಅಲ್ಲೇ ಕಂಡದ್ದು ನನಗೆ ರಾತ್ರಿ ಮನೆಗೆ ಬಂದ ಮೇಲೆ ಕಂಡಿತು. ಕಂಪ್ಯೂಟರಿನಲ್ಲಿ ಫೋಟೋ ದೊಡ್ಡದು ಮಾಡಿ ಹಕ್ಕಿಯ ಕಣ್ಣು ನೋಡಿದೆ. ಕಣ್ಣಿನ ಅಂಚು ಒಂದರ ಪಕ್ಕ ಇನ್ನೊಂದು, ಎರಡೆರಡು. ಗೂಡಿನ ಕಡ್ಡಿಗಳೂ ಹಾಗೇ. ಫೋಕಸ್ ತಪ್ಪಿದ್ದರೆ ಗೂಡಿನ ಹಿಂದಿನ ಕೊಂಬೆಯೋ ಮುಂದಿನ ಎಲೆಯೋ ಎಲ್ಲಾದರೂ ಒಂದು ಕಡೆ ಚೆನ್ನಾಗಿ ಬಂದಿರಬೇಕು. ಇಲ್ಲಿ ಎಲ್ಲವೂ ಒಂದೇ ದಿಕ್ಕಿಗೆ, ಮೇಲಿಂದ ಕೆಳಕ್ಕೆ, ಎಳೆದ ಹಾಗೆ ಇತ್ತು. ಅದು ಕೈ ಅಲುಗಿದ ಗುರುತು. ಆ ದಿನ ತೆಗೆದ 140 ಫೋಟೋಗಳಲ್ಲಿ ಇಟ್ಟುಕೊಳ್ಳುವ ಹಾಗಿದ್ದದ್ದು ಒಂಬತ್ತು. ಮರಿಯದ್ದು ಒಂದೂ ಇರಲಿಲ್ಲ. ತುಂಬಾ ಬೇಜಾರಾಯಿತು. ಆ ಬೇಜಾರಿನಿಂದಲೇ ಮಾನೋಪಾಡ್, ಅಂದರೆ ಕ್ಯಾಮೆರಾಕ್ಕೆ ಆಸರೆ ಕೊಡುವ ಒಂಟಿ ಕಾಲಿನ ಕೋಲು, ಹುಡುಕಲು ಶುರು ಮಾಡಿದೆ. ನನ್ನ ಹಾಗೆ ಹಳೆ ಕ್ಯಾಮೆರಾ, ಸಣ್ಣ ಬಜೆಟ್ ಇಟ್ಟುಕೊಂಡು ಹಕ್ಕಿ, ಯಕ್ಷಗಾನ, ದೇವಸ್ಥಾನ ಅಂತ ಓಡಾಡುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಆ ರಾತ್ರಿ ನನಗೆ ಸಮಾಧಾನ ಕೊಟ್ಟದ್ದು ಲೆಕ್ಕವೇ. ನನ್ನ ಹತ್ತಿರ ಇರುವುದು ಕ್ಯಾನನ್‌ನ ಹಳೆಯ ಕ್ರಾಪ್ ಸೆನ್ಸರ್ ಕ್ಯಾಮೆರಾ (ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಸಣ್ಣದಿರುವಂಥದ್ದು), ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 75-300 ಲೆನ್ಸ್. ಆ ಲೆನ್ಸಿನಲ್ಲಿ ನಡುಕ ತಡೆಯುವ ಸ್ಟೆಬಿಲೈಸರ್ ಇಲ್ಲ. ಕೈಯಲ್ಲೇ ಹಿಡಿದು ತೆಗೆಯುವಾಗ ಫೋಟೋ ಅಲುಗಬಾರದು ಅಂದರೆ ಶಟರ್ ವೇಗ ಕನಿಷ್ಠ ಲೆನ್ಸಿನ ಮೇಲೆ ಬರೆದ ಫೋಕಲ್ ಉದ್ದದಷ್ಟು ಇರಬೇಕು ಅನ್ನುವುದು ಹಳೆ ಕಾಲದಿಂದ ನಡೆದುಬಂದ ಲೆಕ್ಕ. 300 ಎಂಎಂ ಆದರೆ ಸೆಕೆಂಡಿನ 1/300. ಕ್ಯಾನನ್‌ನ ಸಣ್ಣ ಸೆನ್ಸರ್ ಆದರೆ ಅದನ್ನು 1.6ರಿಂದ ಗುಣಿಸಬೇಕು. ನಿಕಾನ್, ಸೋನಿಯವುಗಳಲ್ಲಿ 1.5ರಿಂದ. ಅಲ್ಲಿಗೆ ನನಗೆ ಬೇಕಾಗಿದ್ದದ್ದು 1/480, ಅಂದರೆ ಹೆಚ್ಚುಕಡಿಮೆ 1/500. ಆ ಬೆಳಗಿನ ಬೆಳಕಿನಲ್ಲಿ, ಲೆನ್ಸ್ ಪೂರ್ತಿ ತೆರೆದು, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆಯಾದ ಐಎಸ್‌ಒ 800 ಇಟ್ಟಾಗ ಸಿಕ್ಕಿದ್ದು 1/100. 500ರ ಅರ್ಧ 250, ಅದರ ಅರ್ಧ 125. ಹೀಗೆ ಒಂದೊಂದು ಸಲ ಅರ್ಧವಾದರೆ ಅದಕ್ಕೆ ಒಂದು ಸ್ಟಾಪ್ ಅನ್ನುತ್ತಾರೆ. ಎರಡು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿಯೇ ಕೊರತೆ. ಎಷ್ಟೇ ಉಸಿರು ಬಿಗಿ ಹಿಡಿದರೂ, ಇಪ್ಪತ್ತು ನಿಮಿಷ ಸೋತ ಕೈಗೆ ಅಷ್ಟು ತುಂಬಿಕೊಡಲು ಆಗುವುದಿಲ್ಲ.

ಮಾನೋಪಾಡ್ ಸರಿಯಾಗಿ ಬಳಸಿದರೆ ಸುಮಾರು ಎರಡು ಸ್ಟಾಪ್ ಗಳಿಸಿಕೊಡುತ್ತೆ ಅಂತ ಬಳಸಿದವರೆಲ್ಲ ಹೇಳುತ್ತಾರೆ. ನನ್ನ ಅನುಭವವೂ ಅಷ್ಟೇ. ನನಗೆ ಕಡಿಮೆ ಬಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಟ್ರೈಪಾಡ್ ಯಾಕೆ ಬೇಡ ಅಂತ ಸ್ನೇಹಿತರು ಕೇಳಿದರು. ಬೆಳ್ಳೂರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಊರೊಳಗೆ, ಜನರ ಹಿತ್ತಿಲ ಮರಗಳಲ್ಲಿ. ಸರ್ಕಾರ 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಆದರೆ ಊರಿನವರು ಅದಕ್ಕೂ ಎಷ್ಟೋ ಮೊದಲಿನಿಂದ ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಓಣಿಯಲ್ಲಿ ಎತ್ತಿನ ಗಾಡಿ ಬರುತ್ತೆ, ದನ ಬರುತ್ತವೆ, ನೀರು ಹೊತ್ತವರು ಬರುತ್ತಾರೆ. ಅಂಥ ಕಡೆ ಮೂರು ಕಾಲು ಅಗಲಿಸಿ ನಿಲ್ಲಿಸಿದರೆ ನಾವು ಇನ್ನೊಬ್ಬರ ಮನೆ ಬಾಗಿಲಿಗೆ ಅಡ್ಡ ನಿಂತ ಹಾಗೆ. ಹಕ್ಕಿ ಪಕ್ಕದ ಕೊಂಬೆಗೆ ಹಾರಿದರೆ ಟ್ರೈಪಾಡ್ ಎತ್ತಿ, ಇಟ್ಟು, ಮಟ್ಟ ಮಾಡುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಜೊತೆಗೆ ನಾನು ಮೈಸೂರಿನಿಂದ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸೋ ಆಟೋನೋ ಹಿಡಿಯುವವನು. ಹೆಗಲಿಗೆ ಎಷ್ಟು ಭಾರ ಅನ್ನುವುದು ನನಗೆ ದೊಡ್ಡ ವಿಷಯ.

ದುಡ್ಡು ಹಾಕುವ ಮುಂಚೆ ಒಂದು ಪ್ರಯೋಗ ಮಾಡಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಕ್ಯಾಮೆರಾದ ತಳದಲ್ಲಿ ಒಂದು ಸ್ಕ್ರೂ ತೂತು ಇದೆಯಲ್ಲ, ಅದು ಕಾಲಿಂಚಿನದು, ಇಂಚಿಗೆ 20 ಸುತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ "ಕಾಲಿಂಚು ಬೋಲ್ಟ್, ಇಂಚಿನ ಥ್ರೆಡ್ಡು" ಅಂತ ಬಿಡಿಸಿ ಕೇಳಬೇಕು. ಸುಮ್ನೆ "ಸಣ್ಣ ಬೋಲ್ಟ್" ಅಂದರೆ 6 ಎಂಎಂನದು ಕೊಡುತ್ತಾರೆ. ಅದು ನೋಡಲು ಅದೇ ಥರ ಇರುತ್ತೆ, ಒಂದೆರಡು ಸುತ್ತು ಹೋಗುತ್ತೆ ಕೂಡ. ಆದರೆ ಕಾಲಿಂಚು ಅಂದರೆ 6.35 ಎಂಎಂ. ಥ್ರೆಡ್ಡಿನ ಅಂತರವೂ ಬೇರೆ. ಬಲವಂತ ಮಾಡಿದರೆ ಕ್ಯಾಮೆರಾದ ಥ್ರೆಡ್ ಹಾಳಾಗುತ್ತೆ. ಸರಿಯಾದ ಬೋಲ್ಟ್ ಬೆರಳಲ್ಲೇ ತಿರುಗಿಸಿದರೂ ಸಲೀಸಾಗಿ ಹೋಗಿ ಕೂರುತ್ತೆ. ತೀರಾ ಗಿಡ್ಡದು ತಗೊಳ್ಳಿ, ಇಲ್ಲವೇ ಮಧ್ಯೆ ವಾಷರ್ ಹಾಕಿ, ತುದಿ ಒಳಗೆ ಹೋಗಿ ಒತ್ತದ ಹಾಗೆ.

ಆ ಬೋಲ್ಟಿಗೆ ಒಂದು ಗಟ್ಟಿ ಹುರಿ ಕಟ್ಟಿದೆ. ಹುರಿಯ ಇನ್ನೊಂದು ತುದಿಯನ್ನು ಚಪ್ಪಲಿ ಕೆಳಗೆ ಹಾಕಿ ಮೆಟ್ಟಿದೆ. ಕ್ಯಾಮೆರಾವನ್ನು ಕಣ್ಣಿಗೆ ತಂದು ಹುರಿ ಬಿಗಿಯಾಗುವಷ್ಟು ಮೇಲಕ್ಕೆಳೆದೆ. ಅಷ್ಟೇ. ಮೇಲೆ ಕೆಳಗೆ ಕುಣಿಯುತ್ತಿದ್ದ ಕ್ಯಾಮೆರಾ ಒಮ್ಮೆಗೇ ನಿಂತ ಹಾಗಾಯಿತು. ಮಹಡಿಯ ಮೇಲೆ ನಿಂತು ಎದುರು ಮನೆಯ ನೀರಿನ ಟ್ಯಾಂಕಿನ ಮೇಲಿದ್ದ ಅಕ್ಷರಗಳನ್ನು ಹುರಿ ಇಲ್ಲದೆ ಇಪ್ಪತ್ತು, ಹುರಿ ಹಾಕಿ ಇಪ್ಪತ್ತು ಫೋಟೋ ತೆಗೆದೆ, ಎಲ್ಲ 1/125ರಲ್ಲಿ. ಹುರಿ ಇಲ್ಲದೆ ಮೂರು ಚೆನ್ನಾಗಿ ಬಂದಿದ್ದವು. ಹುರಿ ಹಾಕಿದಾಗ ಹನ್ನೊಂದು. ಇಪ್ಪತ್ತು ರೂಪಾಯಿಯೂ ಖರ್ಚಾಗಿರಲಿಲ್ಲ. ಈಗಲೂ ಆ ಹುರಿ ನನ್ನ ಕ್ಯಾಮೆರಾ ಚೀಲದಲ್ಲಿದೆ, ಕೋಲು ಮನೆಯಲ್ಲಿ ಮರೆತ ದಿನಕ್ಕೆ ಅಂತ.

ಆದರೆ ಹುರಿ ಭಾರ ಹೊರುವುದಿಲ್ಲ. ಎಳೆದು ಹಿಡಿಯುವ ಕೆಲಸ ಇನ್ನೂ ಕೈಯದ್ದೇ. ಕಾಯುವಾಗ ಕೈಗೆ ಬಿಡುವು ಬೇಕು ಅಂದರೆ ಕೋಲೇ ಬೇಕು.

ಮೊದಲು ಆನ್‌ಲೈನಿನಲ್ಲಿ ಹುಡುಕಿದೆ. ಒಂದು ಎಚ್ಚರಿಕೆ ಹೇಳಬೇಕು: ಅಲ್ಲಿ ಮಾನೋಪಾಡ್ ಅಂತ ಹುಡುಕಿದರೆ ಫೋನಿನ ಸೆಲ್ಫಿ ಸ್ಟಿಕ್‌ಗಳು ರಾಶಿ ರಾಶಿ ಬರುತ್ತವೆ, ಅವಕ್ಕೂ ಅದೇ ಹೆಸರು. ಅವು ಫೋನಿನ ಭಾರಕ್ಕೆ ಮಾಡಿದವು. ಕ್ಯಾಮೆರಾ ಹಾಕಿದರೆ ಬಾಗುತ್ತವೆ. ಎಷ್ಟು ಕೆಜಿ ತಡೆಯುತ್ತೆ, ನೆಲಕ್ಕೆ ಊರುವ ರಬ್ಬರ್ ಪಾದ ಇದೆಯಾ ಅಂತ ನೋಡಿದರೆ ತಕ್ಷಣ ಗೊತ್ತಾಗುತ್ತೆ. ಫೋಟೋಗಳನ್ನು ನೋಡಿ ನೋಡಿ ತಲೆ ಕೆಟ್ಟು, ಕೊನೆಗೆ ಮೈಸೂರಿನ ಒಂದು ಹಳೇ ಕ್ಯಾಮೆರಾ ಅಂಗಡಿಗೆ ಹೋದೆ. ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದ ವಸ್ತುಗಳಲ್ಲಿ ಇದೂ ಒಂದು ಅಂತ ಈಗ ನನಗೆ ಖಂಡಿತ ಅನಿಸುತ್ತೆ.

ಅಂಗಡಿಯ ಯಜಮಾನರು ಕ್ಯಾಮೆರಾ ಯಾವುದು ಅಂತಲೂ ಕೇಳಲಿಲ್ಲ, ಬಜೆಟ್ ಎಷ್ಟು ಅಂತಲೂ ಕೇಳಲಿಲ್ಲ. "ಸರ್, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ" ಅಂದರು. ನಿಂತೆ. ನನ್ನ ಕಣ್ಣಿನ ಮಟ್ಟಕ್ಕೆ ಕೈ ಅಡ್ಡ ಹಿಡಿದು ಟೇಪಿನಲ್ಲಿ ನೆಲದವರೆಗೆ ಅಳೆದರು. 161 ಸೆಂಟಿಮೀಟರ್ ಬಂತು. "ಇದು ಮೊದಲು ಬೇಕು. ಬೆನ್ನು ಬಗ್ಗಿಸ್ಕೊಂಡು ಎಷ್ಟು ಹೊತ್ತು ನಿಲ್ತೀರಾ? ಹತ್ತು ನಿಮಿಷಕ್ಕೆ ಕೋಲನ್ನ ಪಕ್ಕಕ್ಕಿಟ್ಟು ಮತ್ತೆ ಕೈಯಲ್ಲೇ ತೆಗಿಯೋಕೆ ಶುರು ಮಾಡ್ತೀರಾ ಅಷ್ಟೇ."

ಲೆಕ್ಕ ಹೀಗೆ. ಕೋಲಿನ ಮೇಲೆ ಒಂದು ಹೆಡ್ (ಕ್ಯಾಮೆರಾ ಬಾಗಿಸಲು ಬಿಡುವ ಹಿಡಿಕೆ), ಅದರ ಮೇಲೆ ಕ್ಯಾಮೆರಾ ಕೂತರೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕೋಲಿನ ತುದಿಗಿಂತ ಹದಿನೈದು ಸೆಂಟಿಮೀಟರಿನಷ್ಟು ಮೇಲಿರುತ್ತೆ. ಹಾಗಾದರೆ ನನಗೆ 145, 150ರ ಕೋಲು ಸಾಕಲ್ವಾ ಅಂದೆ. "ಯಾವ ಫೋಟೋ ತೆಗಿತೀರಾ?" ಅಂತ ಆಗ ಕೇಳಿದರು. ಮರದ ಮೇಲಿನ ಹಕ್ಕಿ ಅಂದೆ. ಒಂದು ಕೋಲಿಗೆ ತಮ್ಮದೇ ಕ್ಯಾಮೆರಾ ಹಾಕಿ ಲೆನ್ಸನ್ನು ಛಾವಣಿಯ ಫ್ಯಾನಿನ ಕಡೆ ತಿರುಗಿಸಿದರು. ಲೆನ್ಸಿನ ಮೂತಿ ಮೇಲೆ ಹೋಯಿತು, ಕ್ಯಾಮೆರಾದ ಹಿಂಭಾಗ ಕೆಳಗೆ ಇಳಿಯಿತು. ವ್ಯೂಫೈಂಡರ್ ನನ್ನ ಗಲ್ಲದ ಮಟ್ಟಕ್ಕೆ ಬಂದಿತ್ತು. ಮೇಲೆ ನೋಡುವವರಿಗೇ ಕೋಲು ಜಾಸ್ತಿ ಎತ್ತರ ಬೇಕು! ಇಷ್ಟು ಸರಳ ವಿಷಯ ನನಗೆ ಹೊಳೆದಿರಲೇ ಇಲ್ಲ. ಅದರ ಜೊತೆಗೆ ಕೋಲನ್ನು ನೆಟ್ಟಗೆ ನಿಲ್ಲಿಸುವುದಿಲ್ಲ, ಸ್ವಲ್ಪ ಓರೆಯಾಗಿ ಊರುತ್ತೇವೆ, ಅದರಲ್ಲೂ ಎತ್ತರ ಕಮ್ಮಿಯಾಗುತ್ತೆ. ಇಳಿಜಾರಿನಲ್ಲಿ ನಿಂತರೆ ಇನ್ನೂ ಕಮ್ಮಿ. 160 ಸೆಂಟಿಮೀಟರಿಗಿಂತ ಗಿಡ್ಡದನ್ನು ನೋಡುವುದೇ ಬೇಡ ಅಂತ ಅಲ್ಲೇ ತೀರ್ಮಾನವಾಯಿತು.

ಇನ್ನು ಮಡಿಸಿದಾಗಿನ ಉದ್ದ. ಕೋಲು ಒಂದರೊಳಗೊಂದು ಕೂರುವ ಕೊಳವೆಗಳಿಂದ ಆಗಿರುತ್ತೆ. ಮೂರು ಕೊಳವೆಯದ್ದು ಮಡಿಸಿದಾಗಲೂ ಅರವತ್ತು ಸೆಂಟಿಮೀಟರ್ ಮೇಲಿರುತ್ತೆ. ನಾಲ್ಕರದ್ದು ಐವತ್ತರ ಆಸುಪಾಸು. ಐದು, ಆರರದ್ದು ಚೀಲದೊಳಗೇ ಮುಚ್ಚಿಕೊಳ್ಳುವಷ್ಟು ಗಿಡ್ಡ. ಗಿಡ್ಡ ಇದ್ದಷ್ಟೂ ಒಳ್ಳೆಯದು ಅಂತ ನನಗೆ ಅನಿಸಿತ್ತು. ಆದರೆ ಕೊಳವೆ ಹೆಚ್ಚಾದಷ್ಟೂ ಕೊನೆಯದು ಸಣ್ಣಗಾಗುತ್ತಾ ಹೋಗುತ್ತೆ. ಆರು ಕೊಳವೆಯ ಒಂದು ಕೋಲನ್ನು ಪೂರ್ತಿ ಎಳೆದು ನೆಲಕ್ಕೂರಿ ಮೇಲಿನಿಂದ ಬೆರಳಲ್ಲಿ ತಟ್ಟಿದೆ. ಕೆಳಗಿನ ಕಡ್ಡಿ ಬೆತ್ತದ ಹಾಗೆ ನಡುಗಿತು. ನಾಲ್ಕು ಕೊಳವೆಯದ್ದನ್ನು ತಟ್ಟಿದರೆ ಸುಮ್ಮನಿತ್ತು. ಬಸ್ಸಿನಲ್ಲಿ ಬ್ಯಾಗಿನ ಪಕ್ಕದ ಜೇಬಿಗೆ ಸಿಗಿಸಿಕೊಳ್ಳಲು ಐವತ್ತು ಸೆಂಟಿಮೀಟರ್ ಏನೂ ಕಷ್ಟ ಇಲ್ಲ.

ಲಾಕ್ ವಿಷಯಕ್ಕೆ ಜಾಸ್ತಿ ಹೊತ್ತು ತಗೊಂಡೆ. ಎರಡು ಬಗೆ ಇವೆ. ಒಂದು ಕ್ಲಿಪ್ಪಿನ ಹಾಗೆ ಎತ್ತಿ ಒತ್ತುವುದು, ಇನ್ನೊಂದು ತಿರುಗಿಸಿ ಬಿಗಿ ಮಾಡುವುದು. ತಿರುಗಿಸುವ ಲಾಕ್ ತೆಳ್ಳಗೆ, ನೋಡಲು ಚೆಂದ. ಬಟ್ಟೆಗೆ, ಕೊಂಬೆಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಅರೆಬರೆ ಬಿಗಿಯಾಗಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಕ್ಲಿಪ್ ಲಾಕ್ ಮುಚ್ಚಿದೆಯೋ ತೆರೆದಿದೆಯೋ ಕತ್ತಲಲ್ಲೂ ಬೆರಳಿಗೆ ತಿಳಿಯುತ್ತೆ. ಕಾಲ ಕಳೆದಂತೆ ಸಡಿಲವಾದರೆ ಪಕ್ಕದ ಸಣ್ಣ ನಟ್ಟನ್ನು ಅಲೆನ್ ಕೀಯಲ್ಲಿ ಕಾಲು ಸುತ್ತು ತಿರುಗಿಸಿದರಾಯಿತು. ನಾನು ಆರಿಸಿದ್ದು ಕ್ಲಿಪ್. ಯಾವುದೇ ಆಗಲಿ, ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಕೋಲನ್ನು ಪೂರ್ತಿ ಎಳೆದು, ಎಲ್ಲ ಲಾಕ್ ಹಾಕಿ, ಎರಡೂ ಅಂಗೈ ಮೇಲಿಟ್ಟು ಮೈಭಾರ ಸ್ವಲ್ಪ ಬಿಡಿ. ನಾನು ನೋಡಿದ ಮೂರರಲ್ಲಿ ಒಂದು ಹೀಗೆ ಒತ್ತಿದ ಕೂಡಲೇ ಮೆಲ್ಲಗೆ ಕುಸಿಯಿತು. ಡಬ್ಬಿಯ ಮೇಲೆ ಎಷ್ಟು ಕೆಜಿ ಅಂತ ಬರೆದಿದೆ ಅನ್ನುವುದಕ್ಕಿಂತ ಈ ಪರೀಕ್ಷೆಯನ್ನೇ ನಾನು ನಂಬುತ್ತೇನೆ. ಯಾಕೆಂದರೆ ಕೋಲು ಹೊರುವುದು ಕ್ಯಾಮೆರಾದ ಭಾರ ಒಂದನ್ನೇ ಅಲ್ಲ, ಒತ್ತಿ ಹಿಡಿಯುವ ನಮ್ಮ ಕೈಯ ಭಾರವನ್ನೂ. ನನ್ನ ಕ್ಯಾಮೆರಾ ಮತ್ತು ಲೆನ್ಸ್ ಸೇರಿ ಒಂದು ಕೆಜಿ. 150-600 ಥರದ ದೊಡ್ಡ ಲೆನ್ಸ್ ಇಟ್ಟುಕೊಂಡವರಿಗೆ ಲೆನ್ಸೇ ಎರಡು ಕೆಜಿ. ಅವರು ದಪ್ಪ ಕೊಳವೆಯದ್ದನ್ನೇ ನೋಡಬೇಕು.

ಅಲ್ಯೂಮಿನಿಯಮ್ಮೋ ಕಾರ್ಬನ್ ಫೈಬರ್ರೋ ಅನ್ನುವ ಪ್ರಶ್ನೆಗೆ ನನ್ನ ಜೇಬೇ ಉತ್ತರ ಹೇಳಿತು. ಆದರೆ ಬೆಲೆಯನ್ನು ಬದಿಗಿಟ್ಟು ಯೋಚಿಸಿದರೂ ಮಾನೋಪಾಡಿನಲ್ಲಿ ಕಾರ್ಬನ್‌ಗೆ ಅಷ್ಟು ಸುರಿಯಬೇಕು ಅಂತ ನನಗೆ ಅನಿಸುವುದಿಲ್ಲ. ಟ್ರೈಪಾಡಿನಲ್ಲಿ ಮೂರು ಕಾಲು, ಉಳಿಯುವ ತೂಕ ದೊಡ್ಡದು. ಇಲ್ಲಿ ಒಂದೇ ಕಾಲು. ನನ್ನದು 560 ಗ್ರಾಂ. ಕಾರ್ಬನ್ ಆಗಿದ್ದರೆ ನೂರು, ನೂರೈವತ್ತು ಗ್ರಾಂ ಉಳಿಯುತ್ತಿತ್ತು, ಅಂದರೆ ಒಂದು ಲೋಟ ನೀರು. ನಾನು ಕೊಟ್ಟದ್ದು 1,750 ರೂಪಾಯಿ. ಮ್ಯಾನ್‌ಫ್ರೊಟ್ಟೊ, ಬೆನ್ರೊ, ಸಿರುಯಿ ಥರದ ಕಂಪನಿಗಳ ಕೋಲುಗಳನ್ನೂ ಕೈಯಲ್ಲಿ ಹಿಡಿದು ನೋಡಿದೆ. ಲಾಕಿನ ನಯ, ಹಿಡಿಯ ರಬ್ಬರ್ ಖಂಡಿತ ಮೇಲು. ದಿನಾ ಇದೇ ಕೆಲಸ ಮಾಡುವವರಿಗೆ ಆ ದುಡ್ಡು ದಂಡವಲ್ಲ. ತಿಂಗಳಿಗೆ ಎರಡು ಭಾನುವಾರ ಹೋಗುವ ನನಗೆ ನಾಲ್ಕು ಕೊಳವೆಯ ಸಾದಾ ಅಲ್ಯೂಮಿನಿಯಮ್ ಸಾಕು ಅನಿಸಿತು. ಮೂರು ವರ್ಷವಾಯಿತು, ಈಗಲೂ ಹಾಗೇ ಅನಿಸುತ್ತೆ.

ಹೆಡ್ ಬಗ್ಗೆ ಒಂದು ಮಾತು. ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಹೆಡ್ ಬೇಕಾಗಿಲ್ಲ. ಎಡಕ್ಕೆ ಬಲಕ್ಕೆ ತಿರುಗಿಸಬೇಕಾದರೆ ಕೋಲನ್ನೇ ತಿರುಗಿಸಬಹುದು, ಓರೆ ಸರಿಮಾಡಬೇಕಾದರೆ ಕೋಲನ್ನೇ ವಾಲಿಸಬಹುದು. ಕೋಲಿಗೆ ಆಗದ ಕೆಲಸ ಒಂದೇ, ಮೇಲೆ ಕೆಳಗೆ ನೋಡುವುದು. ಅದಕ್ಕೆ ಒಂದೇ ದಿಕ್ಕಿಗೆ ಬಾಗುವ ಟಿಲ್ಟ್ ಹೆಡ್ ಇದ್ದರಾಯಿತು. ಬಾಲ್ ಹೆಡ್ ಸಡಿಲ ಬಿಟ್ಟರೆ ಕ್ಯಾಮೆರಾ ಯಾವ ಕಡೆಗೆ ವಾಲುತ್ತೋ ಹೇಳಲಾಗುವುದಿಲ್ಲ, ಅದನ್ನು ಹಿಡಿಯುವುದರಲ್ಲೇ ಗಮನ ಹೋಗುತ್ತೆ. ಹೆಡ್ ಕೊಳ್ಳುವಾಗ ಕೋಲಿನ ತುದಿಯ ಸ್ಕ್ರೂ ನೋಡಿಕೊಳ್ಳಿ. ಕಾಲಿಂಚು, ಮುಕ್ಕಾಲರ ಅರ್ಧ ಅಂದರೆ 3/8 ಇಂಚು, ಹೀಗೆ ಎರಡು ಅಳತೆ ಇವೆ. ಎಷ್ಟೋ ಕೋಲುಗಳಲ್ಲಿ ಸ್ಕ್ರೂವನ್ನು ತಲೆಕೆಳಗು ಮಾಡಿದರೆ ಇನ್ನೊಂದು ಅಳತೆ ಸಿಗುತ್ತೆ. ಕೆಳಗೆ ಮೂರು ಪುಟ್ಟ ಪಾದ ಇರುವ ಮಾನೋಪಾಡ್‌ಗಳೂ ಬಂದಿವೆ. ವಿಡಿಯೋ ತೆಗೆಯುವವರಿಗೆ ಅವು ಚೆನ್ನಾಗಿರಬಹುದು. ಆದರೆ ಆ ಪಾದ ನಂಬಿ ಕ್ಯಾಮೆರಾ ಬಿಟ್ಟು ಹೋಗಬಾರದು, ತೂಕವೂ ಜಾಸ್ತಿ.

ಕೋಲು ತಂದ ಮೊದಲ ವಾರ ಫೋಟೋಗಳು ಅಷ್ಟೇನೂ ಸುಧಾರಿಸಲಿಲ್ಲ. ಕೋಲನ್ನು ನನ್ನ ಎದುರಿಗೆ ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿ, ಎರಡೂ ಕಾಲು ಜೋಡಿಸಿ ನಿಲ್ಲುತ್ತಿದ್ದೆ. ಮೇಲೆ ಕೆಳಗಿನ ನಡುಕ ಹೋಗಿತ್ತು. ಆದರೆ ಕೋಲು ಗಡಿಯಾರದ ಲೋಲಕದ ಹಾಗೆ ಹಿಂದಕ್ಕೂ ಮುಂದಕ್ಕೂ ವಾಲುತ್ತಿತ್ತು. ಮತ್ತೆ ಅದೇ ಅಂಗಡಿಗೆ ಹೋಗಿ ಕೇಳಿದೆ. ಯಜಮಾನರು ಕೌಂಟರಿನಿಂದ ಈಚೆ ಬಂದು ನಿಂತು ತೋರಿಸಿದರು. "ಕೋಲಿಗೆ ಒಂದು ಕಾಲು ಸರ್. ಇನ್ನೆರಡು ನಿಮ್ಮವು. ಮೂರನ್ನೂ ಅಗಲಿಸಿ ಇಡಬೇಕು."

ನಾನು ಕಲಿತದ್ದು ಇಷ್ಟು. ಎರಡೂ ಪಾದ ಹೆಗಲಗಲಕ್ಕೆ. ಕೋಲಿನ ಪಾದ ನನ್ನಿಂದ ಎರಡಡಿ ಮುಂದೆ, ಹೀಗಾಗಿ ಕೋಲಿನ ತಲೆ ನನ್ನ ಕಡೆ ವಾಲಿರುತ್ತೆ. ಮೂರು ಕಾಲೂ ಸೇರಿ ನೆಲದ ಮೇಲೆ ಒಂದು ತ್ರಿಕೋನ. ಕ್ಯಾಮೆರಾ ಹುಬ್ಬಿಗೆ ಒತ್ತಿರಬೇಕು. ಎಡಗೈ ಲೆನ್ಸಿನ ಕೆಳಗಲ್ಲ, ಮೇಲೆ, ಮೆಲ್ಲಗೆ ಕೆಳಕ್ಕೆ ಒತ್ತುವ ಹಾಗೆ. ಮೊಣಕೈ ಪಕ್ಕೆಗೆ. ಉಸಿರು ಅರ್ಧ ಬಿಟ್ಟು, ಒಂದೇ ಸಲಕ್ಕೆ ಮೂರು ಫೋಟೋ. ಬಟನ್ ಒತ್ತುವ ಬೆರಳಿನಿಂದಲೇ ಮೊದಲನೆಯದು ಅಲುಗಿದರೂ ಎರಡನೆಯದೋ ಮೂರನೆಯದೋ ಉಳಿಯುತ್ತೆ. ಕೊಳವೆ ಎಳೆಯುವಾಗ ಮೇಲಿನ ದಪ್ಪದ್ದನ್ನು ಮೊದಲು, ಕೊನೆಯ ಸಣ್ಣದನ್ನು ಬೇಕಾದಷ್ಟು ಮಾತ್ರ. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದ್ದವರು ಟ್ರೈಪಾಡ್ ಮೇಲೆ ಅದನ್ನು ಆಫ್ ಮಾಡುತ್ತಾರೆ. ಮಾನೋಪಾಡ್ ಮೇಲೆ ಆನ್ ಇರಲಿ, ಪಕ್ಕದ ಅಲುಗಾಟ ಇನ್ನೂ ಉಳಿದಿರುತ್ತಲ್ಲ.

ಹೆಂಡತಿಯ ಊರು ಕುಂದಾಪುರದ ಹತ್ತಿರ. ಜನವರಿಯಲ್ಲಿ ಅಲ್ಲಿ ಒಂದು ರಾತ್ರಿ ಯಕ್ಷಗಾನ ಬಯಲಾಟಕ್ಕೆ ಕೋಲು ತಗೊಂಡು ಹೋದೆ. ಭಾವ ನೋಡಿ "ಹ್ವಾಯ್, ಆ ಕೋಲ್ ಎಂತಕೆ?" ಅಂತ ಕೇಳಿದರು. ಗದ್ದೆಯಲ್ಲಿ ಹಾಕಿದ ರಂಗಸ್ಥಳ, ಸುತ್ತ ಕುರ್ಚಿಗಳು, ಹಿಂದೆ ನಿಂತವರು. ಬದಿಯ ಕುರ್ಚಿಯಲ್ಲಿ ಕೂತೇ ಕೋಲನ್ನು ಗಿಡ್ಡ ಮಾಡಿ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡೆ. ಹಿಂದಿನವರಿಗೆ ಅಡ್ಡ ಆಗಲಿಲ್ಲ, ಬೆಳಗಿನ ಜಾವದವರೆಗೂ ಕೈ ಸೋಲಲಿಲ್ಲ. ಆದರೆ ಮಾನೋಪಾಡಿಗೆ ಏನು ಆಗುವುದಿಲ್ಲ ಅನ್ನುವುದನ್ನೂ ಆ ರಾತ್ರಿಯೇ ಕಲಿತೆ. ಚಂಡೆಯ ಪೆಟ್ಟು ಏರುತ್ತಾ ವೇಷಧಾರಿ ಗಿರಗಿರನೆ ತಿರುಗಿ ಕುಣಿಯುವಾಗ 1/60ರಲ್ಲಿ ತೆಗೆದರೆ ರಂಗಸ್ಥಳದ ಕಂಬ, ಹಿಂದೆ ಕೂತ ಭಾಗವತರು ಸ್ಪಷ್ಟ, ವೇಷ ಮಾತ್ರ ಬಣ್ಣದ ಸುಳಿ. ಕೋಲು ನಿಲ್ಲಿಸುವುದು ನನ್ನ ಕೈಯನ್ನು. ಕುಣಿಯುವವರನ್ನಲ್ಲ. ಅಲ್ಲಿ ಐಎಸ್‌ಒ ಏರಿಸಿ ಶಟರ್ ವೇಗ ಹೆಚ್ಚಿಸಲೇಬೇಕು, ಚಿತ್ರದಲ್ಲಿ ಕಾಳು ಕಾಳು ಬಂದರೂ ಸರಿ. ಕುಣಿತ ಮುಗಿದು ಅರ್ಥ ಹೇಳಲು ನಿಂತಾಗ ಕೋಲಿನ ಸಮಯ. ಭಾಗವತರ ಪದ ನಿಂತ ಮೇಲೆ, ಮೊದಲ ಮಾತು ಆಡುವ ಮುಂಚೆ, ಕಲಾವಿದರು ಒಂದು ಉಸಿರಿನಷ್ಟು ಹೊತ್ತು ಅಲುಗದೆ ನಿಲ್ಲುತ್ತಾರೆ. ಎದೆ ಮಾತ್ರ ಏರಿಳಿಯುತ್ತಿರುತ್ತೆ. ಆ ಒಂದು ಉಸಿರಿನಲ್ಲಿ 1/60ರಲ್ಲಿ ತೆಗೆದ ಒಂದು ಫೋಟೋದಲ್ಲಿ ಮುಖದ ಬಣ್ಣದ ಮೇಲೆ ಇಳಿದ ಬೆವರಿನ ಗೆರೆ ಕೂಡ ಎಣಿಸುವ ಹಾಗೆ ಬಂದಿದೆ. ಅದನ್ನು ಪ್ರಿಂಟ್ ಹಾಕಿಸಿ ಭಾವನಿಗೆ ಕೊಟ್ಟೆ.

ರಂಗನತಿಟ್ಟಿನ ದೋಣಿಯಲ್ಲಿ ಕೋಲಿನಿಂದ ಅಂಥ ಪ್ರಯೋಜನ ಆಗಲಿಲ್ಲ. ದೋಣಿಯೇ ತೂಗುವಾಗ ದೋಣಿಯ ತಳಕ್ಕೆ ಊರಿದ ಕೋಲೂ ಜೊತೆಗೆ ತೂಗುತ್ತೆ. ಅಲ್ಲಿ ತೊಡೆಯ ಮೇಲೆ ಮೊಣಕೈ ಊರಿ ಕೈಯಲ್ಲೇ ತೆಗೆಯುವುದು ವಾಸಿ. ಸೋಮನಾಥಪುರದಂಥ ಕಡೆ ಇನ್ನೊಂದು ಥರ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಮಾನೋಪಾಡನ್ನೂ ಬಾಗಿಲಲ್ಲೇ ತೋರಿಸಿ, ಕೇಳಿಯೇ ಒಳಗೆ ಹೋಗುವುದು ಒಳ್ಳೆಯದು. ಬೇಡ ಅಂದರೆ ವಾದ ಮಾಡಬೇಡಿ. 13ನೇ ಶತಮಾನದ ಕಲ್ಲು ಅದು, ಮೊನಚು ಪಾದ ಇರುವ ಕೋಲು ಅಲ್ಲಿಗೆ ಬೇಡವೇ ಬೇಡ. ರಬ್ಬರ್ ಪಾದ ಇದ್ದರೆ ಮಾತ್ರ.

ರಬ್ಬರ್ ಪಾದ ಅಂದಾಗ ನೆನಪಾಯಿತು. ನನ್ನ ಕೋಲಿನದ್ದು ಒಂದು ಮಳೆಗಾಲದಲ್ಲಿ ಕೆಸರಿಗೆ ಕಚ್ಚಿಕೊಂಡು ಅಲ್ಲೇ ಉಳಿದುಹೋಯಿತು. ಬಿಡಿಭಾಗ ಸಿಗಲಿಲ್ಲ. ಮನೆ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ವಯಸ್ಸಾದವರ ಊರುಗೋಲಿಗೆ ಹಾಕುವ ರಬ್ಬರ್ ಬುಡ ಮಾರುತ್ತಾರೆ, ಬೇರೆ ಬೇರೆ ಅಳತೆಯಲ್ಲಿ. ಕೋಲು ತಗೊಂಡು ಹೋಗಿ ಅಲ್ಲೇ ಹಾಕಿ ನೋಡಿದೆ. ಮೊದಲಿನದಕ್ಕಿಂತ ಅಗಲ, ಮೊದಲಿನದಕ್ಕಿಂತ ಗಟ್ಟಿ ಹಿಡಿತ. ಈಗ ಬೇಕೆಂದೇ ಅದನ್ನೇ ಹಾಕುತ್ತೇನೆ. ಕುಂದಾಪುರದ ಕಡಲ ಮರಳಿಗೆ ಹೋಗಿ ಬಂದರೆ ಕೊಳವೆಗಳನ್ನು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಮರಳು ಸೇರಿ ಕರಕರ ಅನ್ನುತ್ತೆ. ಕೋಲಿಗೆ ಕ್ಯಾಮೆರಾ ಸಿಗಿಸಿ ಹೆಗಲ ಮೇಲೆ ಹೊತ್ತು ನಡೆಯುವ ಅಭ್ಯಾಸ ಇರುವವರು ಐದು ನಿಮಿಷಕ್ಕೊಮ್ಮೆ ಸ್ಕ್ರೂ ಮುಟ್ಟಿ ನೋಡಿಕೊಳ್ಳಿ. ನಡೆಯುವಾಗಿನ ಕುಲುಕಿಗೆ ಅದು ಸಡಿಲವಾಗುತ್ತೆ. ನಾನು ಕ್ಯಾಮೆರಾದ ಪಟ್ಟಿಯನ್ನು ಯಾವಾಗಲೂ ಕುತ್ತಿಗೆಗೆ ಹಾಕಿಕೊಂಡೇ ಇರುತ್ತೇನೆ.

ಮರುವರ್ಷ ಮಾರ್ಚಿನಲ್ಲಿ ಮತ್ತೆ ಬೆಳ್ಳೂರಿಗೆ ಹೋದೆ. ಅದೇ ಓಣಿ, ಅದೇ ಹುಣಸೆ ಮರ. ಜಗಲಿ ಮೇಲೆ ಅಜ್ಜಿ ಇರಲಿಲ್ಲ, ಮಗಳ ಮನೆಗೆ ಹೋಗಿದ್ದರಂತೆ. ಅವರ ಮೊಮ್ಮಗಳು ಸ್ಕೂಲಿನ ಯೂನಿಫಾರ್ಮ್ ಹಾಕಿಕೊಂಡು ತಿಂಡಿ ತಿನ್ನುತ್ತಾ ನಿಂತಿದ್ದಳು. ಕೋಲು ಊರಿದೆ, ಕಾಲು ಅಗಲಿಸಿದೆ, ಕಾದೆ. ಭಾರ ಕೋಲಿನ ಮೇಲಿತ್ತು, ಹೀಗಾಗಿ ಕಣ್ಣಿಗೂ ಬಿಡುವು ಸಿಕ್ಕಿತು. ಕ್ಯಾಮೆರಾದಿಂದ ಮುಖ ಎತ್ತಿ ಗೂಡುಗಳನ್ನು ಬರಿಗಣ್ಣಿನಲ್ಲಿ ನೋಡಿದೆ. ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಯೊಂದು ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡಿ ನಿಂತಿತ್ತು. ಹೋದ ವರ್ಷ ಅದೂ ಅಲ್ಲೇ ಇದ್ದಿರಬೇಕು, ನಾನು ನೋಡಿರಲಿಲ್ಲ. ದೊಡ್ಡ ಹೆಜ್ಜಾರ್ಲೆ ಬಂದು ಇಳಿಯಿತು. ಮರಿ ತಲೆ ತೂರಿಸಿತು. ಮೂರು ಮೂರರಂತೆ ಒಂಬತ್ತು ಫೋಟೋ ತೆಗೆದೆ. 1/125. ಅಲ್ಲೇ ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಕಣ್ಣಿನ ಅಂಚು ಒಂದೇ ಇತ್ತು.

"ನಂಗೂ ತೋರ್ಸಣ್ಣ" ಅಂತ ಹುಡುಗಿ ಪಕ್ಕಕ್ಕೆ ಬಂದು ನಿಂತಿದ್ದಳು. ಪರದೆ ತೋರಿಸಿದೆ. "ಇದಲ್ಲ, ಅದ್ರೊಳಗೆ ನೋಡ್ಬೇಕು" ಅಂದಳು. ವ್ಯೂಫೈಂಡರ್ ಅವಳ ತಲೆಗಿಂತ ಒಂದಡಿ ಮೇಲಿತ್ತು. ಕೆಳಗಿನ ಎರಡು ಕ್ಲಿಪ್ ಬಿಚ್ಚಿ ಕೋಲನ್ನು ಅವಳೆತ್ತರಕ್ಕೆ ಇಳಿಸಿದೆ, ಕ್ಯಾಮೆರಾದ ಪಟ್ಟಿ ಹಿಡಿದುಕೊಂಡೆ, ಲೆನ್ಸನ್ನು ಗೂಡಿನ ಕಡೆ ತಿರುಗಿಸಿ ಕೊಟ್ಟೆ. ಅವಳು ಒಂದು ಕಣ್ಣು ಮುಚ್ಚಿ, ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೂ ನಿಲ್ಲಿಸಿ, ನೋಡುತ್ತಾ ನಿಂತಳು.

"ಅಣ್ಣಾ, ಅದು ಕಣ್ಣು ಮಿಟುಕುಸ್ತು."